ನಾಳೆರಾಯ ಮತ್ತು ನನ್ನ ಬಲಗಾಲು

ನನ್ನ ತಂಗಿಯ ಗಂಡ ಪುಕ್ಕಲ. ಬೈಯುವುದಕ್ಕಾಗಿ ಹೇಳುತ್ತಿಲ್ಲ, ಒಬ್ಬ ಎಡಚ, ಇನ್ನೊಬ್ಬ ಕುಳ್ಳ ಎನ್ನುವ ಹಾಗೆ ಇದ್ದದ್ದನ್ನು ಹೇಳುತ್ತಿದ್ದೇನೆ. ನಲವತ್ತೊಂದು ವರ್ಷದಿಂದ ನೋಡಿದ್ದೇನೆ, ಆತ ಯಾರಿಗೂ ‘ಆಗುವುದಿಲ್ಲ’ ಎಂದದ್ದಿಲ್ಲ. ಎದುರಿಗೆ ನಿಂತವರ ಮುಖ ಸಪ್ಪಗಾಗುವಂಥ ಮಾತು ನಾಲಿಗೆಯ ತುದಿಗೆ ಬಂದರೆ, ಅದನ್ನು ಅಲ್ಲೇ ನುಂಗಿ ಮೇಲೆ ಒಂದು ಲೋಟ ನೀರು ಕುಡಿಯುವ ಮನುಷ್ಯ.

ಕಸುಬು ಬೂಟು, ಚಪ್ಪಲಿ ರಿಪೇರಿ. ಅಂಗಡಿ ಇರುವುದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಎರಡು ಹೆಜ್ಜೆ ಒಳಗೆ ಹೋದರೆ ತಲೆ ತಗ್ಗಿಸಬೇಕು, ಮೂರನೆಯ ಹೆಜ್ಜೆಗೆ ಕೂತುಕೊಳ್ಳಲೇಬೇಕು. ಆತ ಕೂರುವುದು ಆ ಮೂರನೆಯ ಹೆಜ್ಜೆಯಲ್ಲಿ, ಕಬ್ಬಿಣದ ಪಾದದಚ್ಚನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು. ಅಂಟು, ಮೇಣ ಮತ್ತು ಊರಿನವರ ಕಾಲಿನ ವಾಸನೆ. ಕೈಕೆಲಸದಲ್ಲಿ ಮಾತ್ರ ಕೊಂಕು ತೆಗೆಯುವಂತಿಲ್ಲ. ಹೊಲಿಗೆ ಹಾಕಿದ ಮೇಲೆ ಹಳೆಯ ಹೊಲಿಗೆ ಯಾವುದು ಹೊಸದು ಯಾವುದು ಎಂದು ಹುಡುಕಬೇಕು. ಹೊಸ ತುಂಡು ಕೂರಿಸುವ ಮೊದಲು ಅದರ ಒಳಮೈಗೆ ಪೆನ್ಸಿಲಿನಿಂದ ತಾರೀಖು ಬರೆಯುತ್ತಾನೆ. ‘ನಿನ್ನೆ ಹಾಕಿದ್ದು ಇವತ್ತೇ ಕಿತ್ತುಬಂತು’ ಎಂದು ಗಿರಾಕಿ ಜಗಳಕ್ಕೆ ಬಂದರೆ ತೋರಿಸಲಿಕ್ಕಂತೆ. ತೋರಿಸಿದ್ದನ್ನು ಯಾರೂ ಕಂಡಿಲ್ಲ. ಜಗಳಕ್ಕೆ ಬಂದವರಿಗೆ ಆತ ‘ತಪ್ಪಾಯ್ತು, ಕೊಡಿ’ ಎಂದು ಹೊಸದು ಹಾಕಿಕೊಡುತ್ತಾನೆ.

ಇನ್ನು ರಿಪೇರಿಯೇ ಆಗದ ಮಾಲು ಬಂದರೆ ‘ನಾಳೆ ಬನ್ನಿ’ ಎನ್ನುತ್ತಾನೆ. ಅಟ್ಟೆಯೂ ಇಲ್ಲದ, ಬಾರೂ ಇಲ್ಲದ, ಚಪ್ಪಲಿಯ ನೆನಪು ಮಾತ್ರ ಉಳಿದಿದ್ದ ಒಂದು ವಸ್ತುವನ್ನು ಒಬ್ಬ ಬಸ್ ಕಂಡಕ್ಟರ್ ತಂದುಕೊಟ್ಟಿದ್ದ. ಹನ್ನೊಂದು ಸಲ ಬಂದು ಹೋದ. ಹನ್ನೆರಡನೆಯ ಸಲ ಬರಲಿಲ್ಲ. ಅಂಥವೆಲ್ಲ ಮೇಲಿನ ಹಲಗೆಯ ಮೇಲೆ ಸಾಲಾಗಿ ಕೂತಿವೆ. ಬೀದಿಯವರು ಆತನಿಗೆ ನಾಳೆರಾಯ ಎಂದು ಹೆಸರಿಟ್ಟಿದ್ದಾರೆ. ಎದುರಿಗೇ ಕರೆಯುತ್ತಾರೆ, ಆತ ‘ಓ’ ಎನ್ನುತ್ತಾನೆ.

ಪಕ್ಕದ ಕ್ಷೌರಿಕ ತನ್ನ ಹೊಸ ಬೋರ್ಡನ್ನು ಇವನ ಬೋರ್ಡಿನ ಅರ್ಧ ಮುಚ್ಚುವ ಹಾಗೆ ತೂಗುಹಾಕಿದಾಗ ನಾನೇ ಹೋಗಿ ಕೇಳಿದೆ, “ಏನ್ರೀ, ಹೇಳೋಕೆ ಬಾಯಿಲ್ವಾ ನಿಮಗೆ?”

“ಇರ್ಲಿ ಅತ್ತಿಗೆ. ಬಿಸಿಲು ಬೀಳ್ತಿತ್ತು. ಈಗ ನೆರಳಾಯ್ತು.”

ನನ್ನ ತಂಗಿಯನ್ನು ಕೇಳಲು ಬಂದ ದಿನವೂ ಇದೇ ಪಾಡು. ನಮ್ಮ ಅಪ್ಪನ ಎದುರು ಒಂದು ಗಂಟೆ ಕೂತ. ಅಪ್ಪನ ಬೂಟಿನ ಹಿಮ್ಮಡಿ ಒಂದು ಕಡೆ ಸವೆದಿದೆ ಎಂದ. ಅದನ್ನು ಬಿಚ್ಚಿಸಿಕೊಂಡು ಅಲ್ಲೇ ಸರಿಮಾಡಿದ, ಕಾಫಿ ಕುಡಿದ, ಎದ್ದುಹೋದ. ಅಪ್ಪ “ಒಳ್ಳೆ ಕೆಲಸಗಾರ, ಪಾಪ, ಯಾಕೆ ಬಂದಿದ್ದ?” ಎಂದರು. ಆಮೇಲೆ ನನ್ನ ತಂಗಿಯೇ ಅಡುಗೆಮನೆಯಿಂದ ಬಂದು ಯಾಕೆ ಬಂದಿದ್ದ ಎಂದು ಹೇಳಬೇಕಾಯಿತು. ನಾನು ಆಗ ಡಾಕ್ಟರೇಟ್ ಮಾಡುತ್ತಿದ್ದೆ. ‘ಬೆನ್ನುಮೂಳೆ ಇಲ್ಲದವನ ಜೊತೆ ಹೇಗೆ ಬಾಳ್ತೀಯೆ’ ಎಂದು ತಂಗಿಗೆ ಹೇಳಿದ್ದೆ. ಅವರು ಚೆನ್ನಾಗಿಯೇ ಬಾಳಿದರು. ಬೆನ್ನುಮೂಳೆ ಕೈಕೊಟ್ಟದ್ದು ನನಗೆ.

ಅದು ಹೇಗಾಯಿತು ಎಂದು ಕೇಳಿದವರಿಗೆಲ್ಲ ನಾನು ‘ವಿಶ್ವಕೋಶದ ಸಂಪುಟ ಎತ್ತುವಾಗ’ ಎಂದು ಹೇಳಿದ್ದೇನೆ. ಸುಳ್ಳು. ಬೆಳಿಗ್ಗೆ ಮಂಚದ ಮೇಲೆ ಕೂತು ಕಾಲುಚೀಲ ಹಾಕಿಕೊಳ್ಳುವಾಗ ಸೀನಿದೆ, ಅಷ್ಟೆ. ಮೂವತ್ತಾರು ವರ್ಷ ಸಂಖ್ಯಾಶಾಸ್ತ್ರ ಕಲಿಸಿ, ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದು ಸೀನಿಗೆ ನೆಲಕ್ಕೆ ಬಿದ್ದೆ. ಸೊಂಟದಿಂದ ಪೃಷ್ಠಕ್ಕೆ, ಅಲ್ಲಿಂದ ಮೀನಖಂಡದ ಹೊರಬದಿಗೆ, ಅಲ್ಲಿಂದ ಹೆಬ್ಬೆರಳಿಗೆ, ಯಾರೋ ಕಾದ ತಂತಿ ಎಳೆದ ಹಾಗೆ. ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು. ತಂಗಿ ಬಂದು ಬಾಗಿಲು ತೆಗೆಸುವ ತನಕ ಎರಡು ಗಂಟೆ ಮಂಚದ ಕಾಲನ್ನು ಹತ್ತಿರದಿಂದ ನೋಡಿದೆ. ಅದರ ಕೆಳಗೆ ಧೂಳು ಬಹಳ ಇತ್ತು.

ಆಸ್ಪತ್ರೆಯಲ್ಲಿ ಚಿತ್ರ ತೆಗೆದರು. ಬೆನ್ನಿನ ಡಾಕ್ಟರು ಹೆಂಗಸು, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ಬೆರಳಿಟ್ಟು ತೋರಿಸಿದಳು. ಕೊನೆಯ ಎರಡು ಸೊಂಟದ ಮೂಳೆಗಳ ನಡುವಿನ ಬಿಲ್ಲೆ ಹಿಂದಕ್ಕೆ ಉಬ್ಬಿ, ಕಾಲಿಗಿಳಿಯುವ ನರವನ್ನು ಅದುಮಿ ಹಿಡಿದಿತ್ತು. ಹಿಮ್ಮಡಿಯ ಮೇಲೆ ನಡೆಯಿರಿ ಎಂದಳು, ನಡೆದೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಎಂದು ತನ್ನ ಬೆರಳಿನಿಂದ ಒತ್ತಿ ಹಿಡಿದಳು, ಎತ್ತಿದೆ.

“ಶಕ್ತಿ ಚೆನ್ನಾಗಿದೆ,” ಎಂದಳು. “ಹಾಗಿದ್ರೆ ಅವಸರ ಇಲ್ಲ ಮೇಡಂ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ತಾನಾಗೇ ಇಳಿಯುತ್ತೆ. ಮಾತ್ರೆ ಕೊಡ್ತೀನಿ, ವ್ಯಾಯಾಮ ಮಾಡಿ, ಮಲಗಿಕೊಂಡೇ ಇರಬೇಡಿ, ಓಡಾಡಿ. ನೋವು ತಡೆಯೋಕಾಗದಿದ್ರೆ ನರದ ಪಕ್ಕಕ್ಕೆ ಒಂದು ಇಂಜೆಕ್ಷನ್ ಇದೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಆಪರೇಷನ್, ಒತ್ತುತ್ತಿರೋ ಚೂರನ್ನ ತೆಗೆದುಹಾಕೋದು. ಆದ್ರೆ ಒಂದು ಮಾತು. ಪಾದದ ಶಕ್ತಿ ಕಡಿಮೆ ಆಗ್ತಾ ಬಂದ್ರೆ, ಕೂತುಕೊಳ್ಳೋ ಜಾಗ ಜೋಮು ಹಿಡಿದ್ರೆ, ಮೂತ್ರದ ಮೇಲೆ ಹಿಡಿತ ತಪ್ಪಿದ್ರೆ, ವಾರ ಲೆಕ್ಕ ಹಾಕ್ತಾ ಕೂರಬೇಡಿ. ಅವತ್ತೇ ಬನ್ನಿ.”

ನಾನು ತಲೆಯಾಡಿಸಿದೆ. ಒಂದು ಮಾತೂ ಬಿಡದೆ ಬರೆದುಕೊಂಡೆ. ವಿದ್ಯಾವಂತರು ಬರೆದುಕೊಳ್ಳುವುದು ನೆನಪಿಟ್ಟುಕೊಳ್ಳಬೇಕಾಗಿಲ್ಲ ಎಂಬ ಕಾರಣಕ್ಕೆ.

ಆ ಸಂಜೆ ತಂಗಿಯ ಮನೆಯ ಊಟದ ಮೇಜಿನ ಸುತ್ತ ನನ್ನ ಬೆನ್ನಿನ ಬಗ್ಗೆ ಸಭೆ ಸೇರಿತು. ನಾನು ಕುರ್ಚಿಯ ಹಿಂದೆ ನಿಂತಿದ್ದೆ, ಕೂರಲು ಆಗುತ್ತಿರಲಿಲ್ಲ. ತಂಗಿಯದು ಒಂದೇ ಹಟ. “ಬೆನ್ನಿಗೆ ಕತ್ತಿ ಹಾಕಿಸ್ಕೊಂಡೋರು ಎದ್ದು ಓಡಾಡಿದ್ದು ನಾನು ಕಂಡಿಲ್ಲ ಅಕ್ಕ.”

“ನೀನು ಎಷ್ಟು ಜನರನ್ನ ಕಂಡಿದ್ದೀಯಾ?”

“ಒಬ್ಬರನ್ನ.”

“ಒಬ್ಬರನ್ನ ಕಂಡು ತೀರ್ಪು ಕೊಡ್ತೀಯಲ್ಲೇ!” ಎಂದು ಅವಳಿಗೆ ಮಾದರಿ ಎಂದರೇನು, ಅದು ಎಷ್ಟು ದೊಡ್ಡದಿರಬೇಕು ಎಂದು ಹತ್ತು ನಿಮಿಷ ಪಾಠ ಮಾಡಿದೆ. ಆಮೇಲೆ ಆಕೆಯ ಗಂಡನ ಕಡೆ ತಿರುಗಿದೆ. “ನೀವೇನಂತೀರಿ?”

“ಡಾಕ್ಟ್ರು ಹೇಳಿದ್ದು ಸರಿ. ಇವಳು ಹೇಳೋದ್ರಲ್ಲೂ ಅರ್ಥ ಇದೆ. ನೀವು ಹೇಳಿದ್ಮೇಲಂತೂ ಸರಿಯೇ ಇರುತ್ತೆ ಅತ್ತಿಗೆ.”

“ಮೂರು ಜನ ಮೂರು ಥರ ಹೇಳ್ತಿದ್ದೀವಿ ಕಣ್ರೀ.”

“ಹೌದಾ?” ಎಂದು ತಟ್ಟೆ ನೋಡಿದ. “ಹಾಗಿದ್ರೆ ನಾಳೆ ಯೋಚನೆ ಮಾಡೋಣ.”

ನಾನು ನಾಳೆಗೆ ಬಿಡುವವಳಲ್ಲ. ವೈದ್ಯಕೀಯ ಪತ್ರಿಕೆಗಳನ್ನು ತರಿಸಿ ಓದಿದೆ. ನಿಂತುಕೊಂಡು, ಮಲಗಿಕೊಂಡು, ಒಂದನ್ನು ಮೊಣಕಾಲೂರಿಕೊಂಡು ಓದಿದೆ. ಆಪರೇಷನ್ ಮಾಡಿಸಿಕೊಂಡವರ ನೋವು ಬೇಗ ಇಳಿಯುತ್ತದೆ. ಆದರೆ ಒಂದೆರಡು ವರ್ಷ ಕಳೆದ ಮೇಲೆ ನೋಡಿದರೆ ಮಾಡಿಸಿಕೊಂಡವರೂ ಮಾಡಿಸಿಕೊಳ್ಳದವರೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿರುತ್ತಾರೆ. ನನಗೆ ಇಷ್ಟು ಸಾಕಾಯಿತು. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ದೊಡ್ಡ ಹಾಳೆಯ ಮೇಲೆ ಒಂದು ಕೋಷ್ಟಕ ಬರೆದು ಗೋಡೆಗೆ ಅಂಟಿಸಿದೆ: ಅಡ್ಡಸಾಲಿನಲ್ಲಿ ಚಿಕಿತ್ಸೆಗಳು, ಉದ್ದಸಾಲಿನಲ್ಲಿ ವಾರಗಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದನ್ನು ಇಷ್ಟು ಅಚ್ಚುಕಟ್ಟಾಗಿ ಯಾರೂ ಗೋಡೆಗೆ ಅಂಟಿಸಿರಲಾರರು.

ವ್ಯಾಯಾಮ ಹೇಳಿಕೊಡುವ ಹುಡುಗಿ ವಾರಕ್ಕೆ ಎರಡು ಸಲ ಬರುತ್ತಿದ್ದಳು. ಸದಾ ನಗುಮುಖ, ಅದೇ ಅವಳ ದೋಷ. “ಅಜ್ಜೀ, ಬೋರಲು ಮಲಗಿ. ಕೈ ಊರಿ ಎದೆ ಎತ್ತಿ. ಸೊಂಟ ನೆಲದಲ್ಲೇ ಇರ್ಲಿ. ಸೂಪರ್ ಅಜ್ಜೀ!”

“ನಾನು ನಿನ್ನ ಅಜ್ಜಿ ಅಲ್ಲ. ಪ್ರೊಫೆಸರ್ ಅನ್ನು.”

“ಸರಿ ಪ್ರೊಫೆಸರ್ ಅಜ್ಜೀ. ಇನ್ನೂ ಹತ್ತು ಸಲ.”

ಹತ್ತು ಎಂದರೆ ಹತ್ತೇ ಮಾಡಿದೆ. ಐದನೆಯ ವಾರ ಇಂಜೆಕ್ಷನ್ ಹಾಕಿಸಿಕೊಂಡೆ. ಏಳನೆಯ ವಾರ ನೋವು ಇಳಿಯತೊಡಗಿತು. ಎಂಟನೆಯ ವಾರ ಒಂದು ಬೆಳಿಗ್ಗೆ ಎದ್ದರೆ ತಂತಿಯೇ ಇಲ್ಲ! ಕಾಲಿನ ಹೊರಬದಿ ಸ್ವಲ್ಪ ಮಂಕಾಗಿತ್ತು, ದಪ್ಪ ಬಟ್ಟೆಯ ಮೇಲಿನಿಂದ ಮುಟ್ಟಿದ ಹಾಗೆ, ಅಷ್ಟೆ. ಡಾಕ್ಟರಿಗೆ ಫೋನು ಮಾಡಿ “ನೂರಕ್ಕೆ ತೊಂಬತ್ತು ವಾಸಿ, ಮುಂದಿನ ಭೇಟಿ ಬೇಕಿಲ್ಲ” ಎಂದು ಅವರ ಗುಮಾಸ್ತನಿಗೆ ಹೇಳಿ ರದ್ದು ಮಾಡಿಸಿದೆ. ಕೋಷ್ಟಕದ ಎಂಟನೆಯ ಮನೆಯಲ್ಲಿ ದೊಡ್ಡದೊಂದು ಸರಿ ಗುರುತು ಹಾಕಿದೆ.

ಅದೇ ದಿನಗಳಲ್ಲಿ ನನ್ನ ಮನೆಯ ರತ್ನಗಂಬಳಿ ಕೆಟ್ಟುಹೋಯಿತು. ಇಪ್ಪತ್ತು ವರ್ಷ ಸುಮ್ಮನೆ ಬಿದ್ದಿದ್ದ ಗಂಬಳಿಯ ಅಂಚು ಕಾಲಿಗೆ ತೊಡರತೊಡಗಿತು. ಸುತ್ತಿ ಅಟ್ಟಕ್ಕೆ ಹಾಕಿಸಿದೆ. ಹೊಸ್ತಿಲೂ ತೊಡರಿತು. ಆಮೇಲೆ ಗ್ರಂಥಾಲಯದ ಮೆಟ್ಟಿಲುಗಳ ಎತ್ತರ ಒಂದೊಂದು ಒಂದೊಂದು ಥರ ಇದೆ ಎಂದು ನನಗೆ ಹೊಳೆಯಿತು. ನಿರ್ದೇಶಕರಿಗೆ ಎರಡು ಪುಟದ ದೂರು ಬರೆದೆ. ಅವರು ಹೆದರಿ ಪ್ರತಿ ಮೆಟ್ಟಿಲ ಅಂಚಿಗೂ ಹಳದಿ ಪಟ್ಟಿ ಹಚ್ಚಿಸಿದರು. ಆ ಪಟ್ಟಿ ಈಗಲೂ ಇದೆ. ಹತ್ತುವಾಗಲೆಲ್ಲ ನನ್ನ ಮೂರ್ಖತನ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಒಟ್ಟು ಇಪ್ಪತ್ತೆರಡು.

ಬೂಟೂ ಕೆಟ್ಟಿತು. ಬಲಗಾಲಿನ ಬೂಟಿನ ಮೂತಿ ಸವೆದು ಅಟ್ಟೆ ಬಾಯಿಬಿಟ್ಟಿತು. ನಾಳೆರಾಯನ ಅಂಗಡಿಗೆ ಹೋಗಿ ಎದುರಿಗಿಟ್ಟೆ.

“ಈಗಿನ ಚರ್ಮ ಚರ್ಮವೇ ಅಲ್ಲ ಕಣ್ರೀ. ನೋಡಿ, ನಾಲ್ಕು ತಿಂಗಳೂ ಆಗಿಲ್ಲ.”

ಆತ ಬೂಟನ್ನು ಹೊರಳಿಸಿ ನೋಡಿದ. ಎಡಗಾಲಿನದನ್ನೂ ನೋಡಿದ. ಬಾಯಿ ತೆರೆದ, ಮುಚ್ಚಿದ.

“ಏನು?”

“ಏನಿಲ್ಲ ಅತ್ತಿಗೆ. ಚರ್ಮ ನೀವಂದ ಹಾಗೇ.” ಮೂತಿಗೆ ಒಂದು ರಬ್ಬರಿನ ತುಂಡು ಕೂರಿಸಿಕೊಟ್ಟ.

ಅದೂ ಸವೆಯಿತು. ಮತ್ತೆ ಹೋದೆ. “ನಿಮ್ಮ ರಬ್ಬರೂ ಹಾಗೇ ಇದೆ,” ಎಂದೆ. ಇನ್ನೊಂದು ಕೂರಿಸಿದ. “ಅತ್ತಿಗೆ, ನೋವು ಹೇಗಿದೆ?” ಎಂದು ಕೇಳಿದ, ಮೊಳೆ ಬಾಯಲ್ಲಿಟ್ಟುಕೊಂಡೇ. “ನೋವೇ ಇಲ್ಲ,” ಎಂದೆ. “ಓಹೋ,” ಎಂದ. ಮೂರನೆಯ ಸಲ ಹೋದಾಗ ಏನೂ ಕೇಳಲಿಲ್ಲ. ನಾಲ್ಕನೆಯ ಸಲ ಬೂಟನ್ನು ಅಂಗಡಿಯಲ್ಲೇ ಬಿಟ್ಟು ಹೋಗಿ ಎಂದ. “ನಾಳೆ ಕೊಡ್ತೀನಿ.” ನನಗೂ ನಾಳೆ! ಹಳೆಯ ಚಪ್ಪಲಿ ಮೆಟ್ಟಿಕೊಂಡು, ಗೊಣಗುತ್ತ, ಬಲಗಾಲಿನ ಚಪ್ಪಲಿ ಎರಡು ಸಲ ಕಳಚಿ ಬಿದ್ದದ್ದನ್ನು ಹೆಕ್ಕಿಕೊಳ್ಳುತ್ತ ಮನೆಗೆ ಬಂದೆ.

ಮಾರನೆಯ ದಿನ ತಂಗಿ ಬಂದಳು. ಕೈಯಲ್ಲಿ ನನ್ನ ಬೂಟು, ಮತ್ತು ವೃತ್ತಪತ್ರಿಕೆಯಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣ.

“ಇದನ್ನ ನಿನಗೆ ಕೊಡಬೇಕಂತೆ.”

“ಏನಿದು?”

“ನನ್ನ ಯಾಕೆ ಕೇಳ್ತೀಯಾ? ನೀನುಂಟು, ಅವರುಂಟು, ನಿಮ್ಮ ಬೂಟುಂಟು. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಇದನ್ನ ಕೊಟ್ಟು ಬಾ, ಆಮೇಲೆ ಅಕ್ಕನ ಮುಖ ಹೇಗಿತ್ತು ಅಂತ ಹೇಳು ಅಂದ್ರು.”

“ಅವರೇ ಬರೋಕೇನಾಗಿತ್ತು?”

“ಬಂದಿದ್ದಾರೆ. ಕೆಳಗೆ ನಿಂತಿದ್ದಾರೆ. ಮೇಲೆ ಬರೋಕೆ ಭಯವಂತೆ.”

ಕಿಟಕಿಯಿಂದ ನೋಡಿದೆ. ಎದುರು ಬದಿಯ ದೀಪದ ಕಂಬದ ಹಿಂದೆ ನಿಂತು, ಕಂಬಕ್ಕೆ ಅಂಟಿಸಿದ್ದ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ. ಅದು ಗರ್ಭಿಣಿಯರ ಯೋಗ ತರಗತಿಯ ಜಾಹೀರಾತು.

ಪೊಟ್ಟಣದಲ್ಲಿ ಮೂರು ರಬ್ಬರಿನ ತುಂಡು. ನನ್ನ ಬೂಟಿನಿಂದ ಕಿತ್ತ, ಒಂದೇ ಮೂಲೆ ಸವೆದು ಓರೆಯಾದ ತುಂಡುಗಳು. ಒಂದೊಂದರ ಒಳಮೈಯಲ್ಲೂ ಪೆನ್ಸಿಲಿನಲ್ಲಿ ಎರಡು ತಾರೀಖು: ಹಾಕಿದ್ದು, ಕಿತ್ತದ್ದು. ಮೊದಲನೆಯದು ಇಪ್ಪತ್ತನಾಲ್ಕು ದಿನ ಬಾಳಿತ್ತು. ಎರಡನೆಯದು ಹನ್ನೊಂದು. ಮೂರನೆಯದು ಐದು.

“ಎಡಗಾಲಿಂದು ಎಲ್ಲಿ?” ಎಂದೆ.

“ಅದನ್ನೂ ಕೇಳ್ತಾಳೆ, ಹೇಳು ಅಂದಿದ್ರು. ಎಡಗಾಲಿಂದು ಇಲ್ಲವೇ ಇಲ್ವಂತೆ. ಅದು ಹೊಸದರ ಹಾಗೇ ಇದೆಯಂತೆ.”

ನಾನು ಕೂತೆ. ಅದೇ ಹೆಂಗಸು, ಅದೇ ಚರ್ಮ, ಅದೇ ಬೀದಿ, ಅದೇ ಮೆಟ್ಟಿಲು. ಬೇರೆಯಾದದ್ದು ಕಾಲು ಒಂದೇ. ಒಂದು ಕಾಲು ಪ್ರಯೋಗಕ್ಕೆ, ಇನ್ನೊಂದು ಹೋಲಿಕೆಗೆ. ಮೂವತ್ತಾರು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಶುದ್ಧವಾದ ಅಂಕಿಗಳನ್ನು ನನ್ನ ಮೇಜಿನ ಮೇಲೆ ತಂದಿಟ್ಟಿರಲಿಲ್ಲ. ಇಪ್ಪತ್ತನಾಲ್ಕು, ಹನ್ನೊಂದು, ಐದು. ಮುಂದಿನದು ಎಷ್ಟು ಎಂದು ಹೇಳಲು ಪ್ರೊಫೆಸರ್ ಬೇಕಾಗಿರಲಿಲ್ಲ.

ಗೋಡೆ ಹಿಡಿದುಕೊಂಡು ಹಿಮ್ಮಡಿಯ ಮೇಲೆ ನಿಲ್ಲಲು ನೋಡಿದೆ. ಎಡ ಮುಂಗಾಲು ಎದ್ದಿತು. ಬಲಗಾಲಿನದು ನೆಲಕ್ಕೆ ಅಂಟಿಕೊಂಡೇ ಇತ್ತು. ಏಳು ಎಂದು ಅದಕ್ಕೆ ಬಾಯಿಬಿಟ್ಟು ಹೇಳಿದೆ. ತಂಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಹೆಬ್ಬೆರಳು ಒಂದು ಸಲ ಮಿಡುಕಿತು, ಪಾಠ ಬಾರದ ವಿದ್ಯಾರ್ಥಿ ತಲೆಯೆತ್ತಿ ಮತ್ತೆ ತಗ್ಗಿಸಿದ ಹಾಗೆ.

ಕೆಂಪು ಗೆರೆ ಎಳೆದಿದ್ದ ಆ ಪತ್ರಿಕೆಯನ್ನು ತೆಗೆದು, ಓದದೆ ಹಾರಿಸಿದ್ದ ಪುಟವನ್ನು ಈಗ ಓದಿದೆ. ಯಾರನ್ನು ಅಧ್ಯಯನಕ್ಕೆ ಸೇರಿಸಿಕೊಂಡೆವು, ಯಾರನ್ನು ಬಿಟ್ಟೆವು ಎಂದು ಬರೆದಿದ್ದ ಪುಟ ಅದು. ಕಾಲಿನ ಶಕ್ತಿ ದಿನದಿನಕ್ಕೆ ಕುಂದುತ್ತಿರುವವರನ್ನು ಸೇರಿಸಿರಲಿಲ್ಲ. ಅವರನ್ನು ಕಾಯಿಸುವುದು ಸರಿಯಲ್ಲವೆಂದು. ಅಂದರೆ ಕಾದು ನೋಡಬಹುದು ಎಂಬ ಆ ಸಮಾಧಾನದ ಅಂಕಿ ನನ್ನಂಥವರದ್ದೇ ಅಲ್ಲ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಹೇಳುತ್ತಿದ್ದ ಮೊದಲ ಮಾತು, ‘ಲೆಕ್ಕ ನೋಡುವ ಮೊದಲು ಯಾರನ್ನು ಹೊರಗಿಟ್ಟಿದ್ದಾರೆ ಕೇಳಿ.’ ಸಾವಿರಾರು ಮಕ್ಕಳು ಅದನ್ನು ಬರೆದುಕೊಂಡಿದ್ದಾರೆ. ಅವರಲ್ಲಿ ಒಬ್ಬರಾದರೂ ನೆನಪಿಟ್ಟುಕೊಂಡಿರಲಿ.

“ಆರು ವಾರದ ಹಿಂದೆ ನಾಲಿಗೆ ಇದ್ದಿದ್ರೆ!” ಎಂದು ತಂಗಿಯ ಮುಂದೆ ಕೂಗಾಡಿದೆ. “ಮೊದಲನೇ ತುಂಡಿಗೇ ಗೊತ್ತಾಗಿದೆ ನಿನ್ನ ಗಂಡನಿಗೆ! ಹೇಳೋಕೆ ಮೂರು ತುಂಡು ಸವೀಬೇಕಾಯ್ತು!”

“ಕಾಲು ಯಾರದ್ದಕ್ಕಾ?” ಎಂದಳು ತಂಗಿ.

ಅವಳು ಹೆಚ್ಚು ಓದಿದವಳಲ್ಲ, ಆದರೆ ಅವಳ ಸಣ್ಣ ಪ್ರಶ್ನೆಗಳು ನೇರ ಹೋಗಿ ನಾಟುತ್ತವೆ.

ಅಂದೇ ಡಾಕ್ಟರ ಹತ್ತಿರ ಹೋದೆವು. ಆಕೆ ನನ್ನ ಪಾದವನ್ನು ಒತ್ತಿ ನೋಡಿದಳು. ರಬ್ಬರಿನ ತುಂಡುಗಳನ್ನೂ ನೋಡಿದಳು, ಬೆಳಕಿಗೆ ಹಿಡಿದು, ಎರಡು ಸಲ.

“ನೋವು ಹೋಯ್ತು ಅಂದ್ರಿ.”

“ಹೋಗಿತ್ತಲ್ಲ.”

“ಅದುಮಿ ಹಿಡಿದ ನರ ಕೂಗೋದು ನಿಲ್ಲಿಸಿದ್ರೆ ಆರಾಮಾಗಿದೆ ಅಂತಲೇ ಅರ್ಥ ಅಲ್ಲ ಮೇಡಂ. ಕೂಗೋ ಶಕ್ತಿಯೂ ಹೋಗಿರಬಹುದು. ನಾಡಿದ್ದು ಆಪರೇಷನ್ ಮಾಡೋಣ. ಒತ್ತಡ ತೆಗೀತೀನಿ, ಅದರ ಬಗ್ಗೆ ಭರವಸೆ ಕೊಡ್ತೀನಿ. ಪಾದ ಎಷ್ಟು ವಾಪಸ್ ಬರುತ್ತೆ ಅನ್ನೋದಕ್ಕೆ ಕೊಡೋಲ್ಲ. ಪೂರ್ತಿ ಬರಬಹುದು, ಅರ್ಧ ಬರಬಹುದು, ಬರದೇನೂ ಇರಬಹುದು. ಒಂದು ವರ್ಷ ಹಿಡಿಯುತ್ತೆ. ಮೊದಲೇ ಬಂದಿದ್ರೆ...” ಎಂದು ನನ್ನ ಮುಖ ನೋಡಿ ನಿಲ್ಲಿಸಿದಳು. ನಿಲ್ಲಿಸಬೇಕಾಗಿರಲಿಲ್ಲ.

ಆಪರೇಷನ್ ಬಗ್ಗೆ ಹೇಳುವಂಥದ್ದು ಕಡಿಮೆ. ಬೋರಲು ಮಲಗಿಸಿದರು, ಎಚ್ಚರವಾಗುವಷ್ಟರಲ್ಲಿ ಮುಗಿದಿತ್ತು; ಬೆನ್ನಿನಲ್ಲಿ ಹೆಬ್ಬೆರಳುದ್ದದ ಗಾಯ. ಸಂಜೆಗೇ ಎಬ್ಬಿಸಿ ನಡೆಸಿದರು. ತಂಗಿಯ ಒಂದೇ ಒಂದು ಮಾದರಿಯ ಶಾಸ್ತ್ರ ಅಲ್ಲಿಗೆ ಸುಳ್ಳಾಯಿತು. ನಾಳೆರಾಯ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಇಡೀ ದಿನ ಕೂತು ಹೋಗಿ ಬರುವವರ ಕಾಲು ನೋಡುತ್ತಿದ್ದನಂತೆ. ನನ್ನ ಕೋಣೆಗೆ ಬಂದವನು, “ಇಲ್ಲಿನ ನರ್ಸುಗಳೆಲ್ಲ ಹಿಮ್ಮಡಿ ಒಳಗಡೆಗೆ ಸವೆಸ್ತಾರೆ,” ಎಂದ.

ಪಾದ ಜೋತುಬೀಳದ ಹಾಗೆ ಹಿಡಿಯಲು ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಮೀನಖಂಡದಿಂದ ಇಳಿದು ಅಂಗಾಲಿನ ಕೆಳಗೆ ಹೋಗುವಂಥದ್ದು, ನೀರಿನ ಕೊಡ ಕತ್ತರಿಸಿ ಮಾಡಿದ ಹಾಗೆ ಇತ್ತು. ಅದು ಒಳಗೆ ಹಿಡಿಸಲೆಂದು ನಾಳೆರಾಯ ಬಲಗಾಲಿನ ಬೂಟಿನ ಒಳಹಾಸು ತೆಗೆದು, ಚರ್ಮವನ್ನು ಅಚ್ಚಿಗೆ ಹಾಕಿ ಹಿಗ್ಗಿಸಿಕೊಟ್ಟ. ಬಲಗಾಲು ಎಡಗಾಲಿನ ಅಣ್ಣನ ಹಾಗೆ ಕಾಣುತ್ತಿತ್ತು. ಅದನ್ನು ಮೆಟ್ಟಿಕೊಂಡು ಎಂಟು ತಿಂಗಳು ಓಡಾಡಿದೆ. ಹೆಬ್ಬೆರಳು ಏಳತೊಡಗಿತು. ಎಲ್ಲರೂ ಹೊಗಳಿದರು. “ಪೂರ್ತಿ ಸರಿಹೋಗಿದೆ ಅಜ್ಜೀ, ಸೂಪರ್!” “ಗೊತ್ತೇ ಆಗಲ್ಲ ಅಕ್ಕ.” ಗ್ರಂಥಾಲಯದವರೂ ಅಂದರು, “ಹಳದಿ ಪಟ್ಟಿಯಿಂದ ಅನುಕೂಲ ಆಯ್ತಾ ಮೇಡಂ?”

ನಾನು ಇದನ್ನೆಲ್ಲ ನಂಬಿದೆ. ನಂಬಲು ಕಾರಣವಿತ್ತು. ನನ್ನ ಹಳೆಯ ವಿಭಾಗದವರು ಒಂದು ಉಪನ್ಯಾಸಕ್ಕೆ ಕರೆದಿದ್ದರು. ನನ್ನ ವಿದ್ಯಾರ್ಥಿಗಳು, ಅವರ ವಿದ್ಯಾರ್ಥಿಗಳು ಎಲ್ಲ ಬರುವವರಿದ್ದರು. ವೇದಿಕೆಗೆ ಏಳು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಅಲ್ಲಿಗೆ ಆ ನೀರಿನ ಕೊಡದಂಥ ಪ್ಲಾಸ್ಟಿಕ್ ಕಟ್ಟಿಕೊಂಡು, ಒಂದು ಬೂಟು ದೊಡ್ಡದು ಒಂದು ಚಿಕ್ಕದು ಹಾಕಿಕೊಂಡು ಹತ್ತುವುದಿಲ್ಲ ಎಂದು ತೀರ್ಮಾನಿಸಿದ್ದೆ. ಮನೆಯ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು ನೋಡಿದ್ದೆ. ನಾಲ್ಕೂ ಚೆನ್ನಾಗಿದ್ದವು. ನಾಲ್ಕು ಹೆಜ್ಜೆಯ ಮಾದರಿ!

ಉಪನ್ಯಾಸಕ್ಕೆ ಮೂರು ದಿನ ಇರುವಾಗ ಅಂಗಡಿಗೆ ಹೋದೆ. ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಚೀಲದಲ್ಲಿ ಹಾಕಿಕೊಂಡಿದ್ದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಒಬ್ಬ ಅಂಚೆಯವನು, ಒಬ್ಬಳು ಶಾಲೆಯ ಶಿಕ್ಷಕಿ. ಪಕ್ಕದ ಕ್ಷೌರಿಕ ಬಾಗಿಲಿಗೆ ಒರಗಿ ಹರಟೆ ಹೊಡೆಯುತ್ತಿದ್ದ.

“ಈ ಬೂಟಿನ ಒಳಹಾಸು ಮೊದಲಿನ ಹಾಗೆ ಕೂರಿಸಿಬಿಡಿ. ಹಿಗ್ಗಿಸಿದ್ದನ್ನ ಬಿಗಿ ಮಾಡಿ. ಇನ್ನು ಪಟ್ಟಿ ಬೇಡ ನನಗೆ.”

“ಆಗ್ಲಿ ಅತ್ತಿಗೆ,” ಎಂದ.

“ನಾಳೆ ಅನ್ನಬೇಡಿ. ಇವತ್ತೇ ಬೇಕು.”

“ಅಯ್ಯೋ, ಇವರ ಹತ್ರ ಇವತ್ತಾ!” ಎಂದ ಕ್ಷೌರಿಕ. “ನಾಳೆರಾಯರ ಪಂಚಾಂಗದಲ್ಲಿ ಇವತ್ತು ಅನ್ನೋದೇ ಇಲ್ಲ ಮೇಡಂ.” ಅಂಚೆಯವನು ನಕ್ಕ.

ಆತ ನಗಲಿಲ್ಲ. ಅಂಟಿನ ಡಬ್ಬಿಯ ಮುಚ್ಚಳ ತೆಗೆದ. ಮತ್ತೆ ಮುಚ್ಚಿದ. ನನ್ನ ಚೀಲದಿಂದ ಇಣುಕುತ್ತಿದ್ದ ಪ್ಲಾಸ್ಟಿಕ್ಕನ್ನು ನೋಡಿದ.

“ಅತ್ತಿಗೆ, ನಡೀರಿ ಒಂಚೂರು.”

“ಏನು?”

“ಆ ಬೀದಿ ತಿರುವಿನ ತನಕ ನಡೆದು ವಾಪಸ್ ಬನ್ನಿ. ಪಟ್ಟಿ ಇಲ್ಲದೇನೇ.”

“ಇವರೆಲ್ಲರ ಮುಂದೆ ನನಗೆ ಪರೀಕ್ಷೆ ಇಡ್ತೀರೇನ್ರೀ?”

“ಹೌದು,” ಎಂದ. ಸ್ವರ ಸಣ್ಣದಿತ್ತು. ಕುತ್ತಿಗೆ ಕೆಂಪಗಾಗಿತ್ತು.

ಹೋಗಿ ಬಂದೆ. ಮೊದಲ ನಾಲ್ಕು ಹೆಜ್ಜೆ ಕನ್ನಡಿಯ ಮುಂದಿನ ಹಾಗೇ ಚೆನ್ನಾಗಿ ಬಂತು. ತಿರುವು ಮುಟ್ಟುವಷ್ಟರಲ್ಲಿ ಬಲಪಾದ ನೆಲಕ್ಕೆ ಬಡಿಯುವ ಸದ್ದು ನನಗೂ ಕೇಳಿಸುತ್ತಿತ್ತು, ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಹಾಗೆ. ಬಾಗಿಲ ಬಳಿ ಬಂದಾಗ ಆತ ಕಣ್ಣು ಮುಚ್ಚಿ ಕೂತಿದ್ದ. ಕ್ಷೌರಿಕ, ಅಂಚೆಯವನು, ಶಿಕ್ಷಕಿ ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

“ಚೆನ್ನಾಗೇ ನಡೀತಿದ್ದೀರಲ್ಲ ಮೇಡಂ,” ಎಂದ ಕ್ಷೌರಿಕ, ಉಪಕಾರ ಮಾಡುವವನ ಹಾಗೆ.

“ನೀನು ಸುಮ್ನಿರಯ್ಯ,” ಎಂದ ನಾಳೆರಾಯ.

ಬೀದಿಯಲ್ಲಿ ಅಂಥದ್ದನ್ನು ಯಾರೂ ಕೇಳಿರಲಿಲ್ಲ. ಕ್ಷೌರಿಕ ಬಾಗಿಲಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತ.

ಆತ ನನ್ನ ಬೂಟನ್ನು ಬಿಚ್ಚಿಸಿ ತೊಡೆಯ ಮೇಲೆ ಇಟ್ಟುಕೊಂಡ. “ಇದನ್ನ ಬಿಗಿ ಮಾಡೋಲ್ಲ ಅತ್ತಿಗೆ. ಇವತ್ತೂ ಇಲ್ಲ, ನಾಳೆಯೂ ಇಲ್ಲ. ಪಾದ ಪೂರ್ತಿ ಬಂದಿಲ್ಲ. ಪೂರ್ತಿ ಬರೋ ಹಾಗೂ ನನಗೆ ಕಾಣ್ತಿಲ್ಲ. ವೇದಿಕೆಗೆ ಏಳು ಮೆಟ್ಟಿಲು ಅಂದಿದ್ಳು ನಿಮ್ಮ ತಂಗಿ. ಐದನೇದಕ್ಕೆ ಬೀಳ್ತೀರಿ.”

ಈ ಎಂಟು ತಿಂಗಳಲ್ಲಿ ಡಾಕ್ಟರೂ ನನಗೆ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಏನೋ ಹೇಳಲು ನಾನು ಬಾಯಿ ತೆರೆದೆ. ಆತ ಕೈ ಮುಂದೆ ಚಾಚಿದ.

“ಪಟ್ಟಿ ಕೊಡಿ,” ಎಂದ. “ಎಡಗಾಲಿನ ಬೂಟನ್ನೂ ಬಿಚ್ಚಿ. ಎರಡೂ ಒಂದೇ ಅಳತೆ ಕಾಣೋ ಹಾಗೆ ಅದನ್ನೂ ಹಿಗ್ಗಿಸ್ತೀನಿ. ಕೂತ್ಕೊಳ್ಳಿ.”

ನಾನು ತಲೆ ತಗ್ಗಿಸಿ, ಎರಡು ಹೆಜ್ಜೆ ಒಳಗೆ ಹೋಗಿ, ಕೂತುಕೊಂಡೆ.